ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್

ಕರ್ಕಾಟಕ ಮಾಸ ೩, ಬೆಳಿಗ್ಗೆ

ಲತಿಕಾಗೆ ಗಂಜಿ ಕುಡಿಸಿದೆ. ಅರ್ಧ ಗದ್ದದ ಮೇಲೆ, ಅರ್ಧ ನನ್ನ ಮಡಿಲಿಗೆ. ನರದ ರೋಗ ಮಗಳ ಮಾತನ್ನು ಪೂರ್ತಿ ತಿಂದಿತು. ಬಲಗೈ ತೋರುಬೆರಳೊಂದು ಅಲುಗುತ್ತದೆ. ಮೊಮ್ಮಗಳು ಅನಘ ಎದುರು ಬಂದರೆ ಸಾಕು, ಏನೋ ಹೇಳಲು ಒದ್ದಾಡುತ್ತಾಳೆ. ಮೊಬೈಲಿನ ಅಕ್ಷರ ಆ ಬೆರಳಿಗೆ ಸಿಗುವುದಿಲ್ಲ.

ಮನೆಗೇ ಬಂದು ರೋಗಿಗಳನ್ನು ನೋಡುವ ಪಾಲಿಯೇಟಿವ್ ಸಂಘದಿಂದ ಕರುಣನ್ ಮೇಷ್ಟ್ರು, ನಮ್ಮ ಮಾಷ್, ಬಂದಿದ್ದರು. ದೊಡ್ಡ ಅಕ್ಷರ ಒತ್ತಿದರೆ ಲ್ಯಾಪ್‌ಟಾಪೇ ಮಲಯಾಳದಲ್ಲಿ ಹೇಳುವ ಹಾಗೆ ಏನೋ ಮಾಡಿದ್ದಾರಂತೆ. ಶಾಲೆಯ ಕಂಪ್ಯೂಟರ್ ನಡೆಸುವ ಪುಕ್ಕಟೆ ವ್ಯವಸ್ಥೆ ಲಿನಕ್ಸ್‌ನಲ್ಲಿ ಮಾತ್ರ ಓಡುತ್ತದೆ. ಅಳಿಯ ಸಜೀವನ್ ಕೈಗೆ ಅದನ್ನೆಲ್ಲ ತುಂಬಿದ ಪೆನ್‌ಡ್ರೈವ್ ಕೊಟ್ಟರು.

"ಸಜೀವಾ, ಆಫೀಸಲ್ಲಿ ಬಳಸಿ ಬಿಟ್ಟ ಹಳೇ ಲ್ಯಾಪ್‌ಟಾಪ್ ಸಾಕು. ಅಂಗಡೀಲೇ ಇದನ್ನ ಸಿಕ್ಕಿಸಿ ನೋಡು. ಮಾತಾಡಿದ್ರೆ ಮಾತ್ರ ತಗೋ."

"ನಮ್ಮ ಅನಘಾನೇ ಶಾಲೇಲಿ ಓಡಿಸ್ತಾಳೆ ಮಾಷೇ. ಯಾವುದ್ರಲ್ಲಾದ್ರೂ ಓಡತ್ತೆ ಬಿಡಿ."

ಇವನಿಗೆ ಗೊತ್ತಿಲ್ಲದ್ದು ದೇವರಿಗೂ ಗೊತ್ತಿರಲಿಕ್ಕಿಲ್ಲ.

ಕರ್ಕಾಟಕ ೫

ಸಜೀವನ್ ಹೊಸದೇ ತಂದ. ಬೆಳ್ಳಿ ಬಣ್ಣ, ಹಪ್ಪಳದಷ್ಟು ತೆಳು. ಆಫರ್ ಅಂತೆ.

"ಪೆನ್‌ಡ್ರೈವ್ ಹಾಕಿ ನೋಡಿದ್ಯಾ?"

"ಹೊಸ ಡಬ್ಬ ಒಡೆಯೋಕೆ ಬಿಡ್ತಾರಾ ಅಮ್ಮಾ? ನನ್ನ ಲತಿಗೆ ಯಾರೋ ಬಿಟ್ಟಿದ್ದು ಬೇಡ."

ಅವನ ಕಣ್ಣು ಕೆಂಪಾಗಿತ್ತು. ಬೈಯಲು ಹೊರಟವಳು ಡಬ್ಬ ಎತ್ತಿ ಒಳಗಿಟ್ಟೆ.

ಕರ್ಕಾಟಕ ೬, ಸಂಜೆ

ಮಾಷ್ ಪೆನ್‌ಡ್ರೈವ್ ಸಿಕ್ಕಿಸಿದರು. ಕಪ್ಪು ಪರದೆ. ಮತ್ತೆ... ಕಪ್ಪು. ಈ ಮಾದರಿಗೆ ಕಂಪನಿಯವರೇ ಬೀಗ ಹಾಕಿದ್ದಾರೆ, ಬೇರೇನನ್ನೂ ಒಳಗೆ ಬಿಡುವುದಿಲ್ಲ ಎಂದರು. ಲತಿಕಾ ಬೆರಳು ಎತ್ತಿಕೊಂಡೇ ಕಾದಿದ್ದಳು.

ಡಬ್ಬ ಒಡೆದದ್ದನ್ನು ಅಂಗಡಿಯವನು ವಾಪಸ್ ತಗೊಳ್ಳುವುದಿಲ್ಲ.

ಕರ್ಕಾಟಕ ೧೭

ಬರೆಯಲು ಮನಸ್ಸಿರಲಿಲ್ಲ. ಸಜೀವನ್ ದಿನಾ ಅಂಗಡಿಗೆ ಹೋಗುವುದು, ಜಗಳ ಆಡುವುದು, ಬರುವುದು. ಲತಿಕಾಳ ಬೆರಳು ಮಡಚಿಕೊಳ್ಳುತ್ತಿದೆ. ಇಂದು ನಾನೇ ಪೆನ್‌ಡ್ರೈವ್ ಹಿಡಿದು ಹಳೆಯದು ಮಾರುವ ಅಂಗಡಿಗೆ ಹೋದೆ.

"ನಿಮಗ್ಯಾಕೆ ಅಮ್ಮಮ್ಮಾ ಲಿನಕ್ಸು?" ಅಂಗಡಿಯ ಹುಡುಗ ಕೇಳಿದ.

"ನಿನಗೆ ಪಿಂಡ ಇಡೋಕೆ. ಸಿಕ್ಕಿಸೋ."

ಮೊದಲಿನದು ಗೊರ್ ಎಂದು ಸತ್ತಿತು. ಎರಡನೆಯದು ತೆರೆದುಕೊಂಡಿತು, ಮಾತಿಲ್ಲ. ಮೂರನೆಯದು, ಇಟ್ಟಿಗೆಯಂಥದು, ಮೂಲೆ ಒಡೆದದ್ದು — ಮಾತಾಡಿತು. ಹೊಸದರ ಅರ್ಧ ಬೆಲೆ. ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಕರ್ಕಾಟಕ ೧೮, ಸಂಜೆ

ಮಾಷ್ ಎಲ್ಲ ಹೊಂದಿಸಿ ಕೊಟ್ಟರು. ಲತಿಕಾ ಒತ್ತಿದಳು. ಒಂದು ಅಕ್ಷರ... ಬಹಳ ಹೊತ್ತು... ಇನ್ನೊಂದು. ಲ್ಯಾಪ್‌ಟಾಪಿನದು ರೈಲ್ವೆ ಸ್ಟೇಷನ್ನಿನಲ್ಲಿ ಕೂಗುವ ಗಂಡಸಿನಂಥ ಗಂಟಲು. ನನ್ನ ಮಗಳು ಎಷ್ಟು ಚೆನ್ನಾಗಿ ಹಾಡುತ್ತಿದ್ದಳು!

"ಅಮ್ಮಾ, ಅನಘಾಗೆ ಹೇಳು, ನಾನು"

ಅಷ್ಟೇ. ಬೆರಳು ನಿಂತಿತು.

"ನೀನು ಏನು ಮಗಳೇ?" ಎಂದೆ. ಅವಳ ಕಣ್ಣಿನಿಂದ ನೀರು ಸುರಿಯಿತು. ಬೆರಳು ಏಳಲಿಲ್ಲ. ಸಜೀವನ್ ಎದ್ದು ಜಗಲಿಗೆ ಹೋದ. ಅಲ್ಲೇ ಬೆಂಚಿನ ಮೇಲೆ ಆ ಬೆಳ್ಳಿ ಬಣ್ಣದ್ದು ಬಿದ್ದಿದೆ. ಬೈಯೋಣ ಎಂದು ಹಿಂದೆಯೇ ಹೋದೆ. ಅವನ ಬೆನ್ನು ನೋಡಿ ತಿರುಗಿ ಬಂದೆ.

"ಅಮ್ಮ ನಂಗೇನು ಹೇಳ್ಬೇಕಿತ್ತು ಅಮ್ಮಮ್ಮಾ?" ಅನಘ ಕೇಳಿದಳು. ಅವಳ ಕೈ ಹಿಡಿದು ಅಮ್ಮನ ಪಕ್ಕದಲ್ಲಿ ಕೂರಿಸಿದೆ.

ಕರ್ಕಾಟಕ ೧೯, ಬೆಳಿಗ್ಗೆ

ಪರದೆಯ ಮೇಲೆ ಆ ಮಾತು ಹಾಗೇ ಇದೆ. ಆರಿಸಬೇಡಿ ಎಂದಿದ್ದೇನೆ. ಅನಘ ಶಾಲೆಗೆ ಹೋಗಿಲ್ಲ. ಬಿಸಿ ಎಣ್ಣೆ ಹಚ್ಚಿ ಅಮ್ಮನ ಬೆರಳು ನೀವುತ್ತಿದ್ದಾಳೆ. ಗಂಜಿ ಒಲೆಯ ಮೇಲಿದೆ. ಈಗ ಅನಘ ಕೂಗಿದಳು, ಬೆರಳು ಅಲುಗಿತಂತೆ —