ಉಪ್ಪು ಹಾಕುವುದು ಕೊನೆಗೆ

ಮಾರ್ಚ್ 3, ಬೆಳಗ್ಗೆ
ನನ್ನ ಗಂಡ ಮೊದಲ ಸುತ್ತು ಗೆದ್ದ. ಮದುವೆಯಾಗಿ ಇಪ್ಪತ್ತೆರಡೇ ದಿನ — ನನ್ನ ಕಾಲ್ಗುಣ ಎಂದು ಎಲ್ಲರಿಗೂ ಫೋನ್ ಮಾಡಿದೆ. ಕಂಪ್ಯೂಟರ್ ಆಟ, ಹೆಸರು ಸಿಟಿಎಫ್. ಬೀಗ ಹಾಕಿದ ಫೈಲ್ ಒಡೆದು, ಒಳಗೆ ಬಚ್ಚಿಟ್ಟ ಸಾಲೊಂದನ್ನು ಹುಡುಕಬೇಕು. ಅದೇ ಫ್ಲ್ಯಾಗ್. ಗೆದ್ದದ್ದು ಅವನೊಬ್ಬನೇ ಅಲ್ಲವಂತೆ. ಜೊತೆಗೊಬ್ಬಳಿದ್ದಾಳೆ, ಬೇರೆ ಊರಿನವಳು. ಆಟದಲ್ಲಿ ಅವಳ ಹೆಸರು ಗೂಬೆ. ಮುಖವನ್ನೇ ನೋಡಿಲ್ಲ ಎನ್ನುತ್ತಾನೆ. ನೋಡದೆಯೇ ಇಷ್ಟು ನಗು...

ಮಾರ್ಚ್ 4
ಎರಡನೇ ಸುತ್ತು ಶುರು. ಎದ್ದಾಗಿನಿಂದ ಅವಳ ಜೊತೆ ಚಾಟ್. ಕಾಫಿ ಆರಿತು.
"ಅವಳಿಲ್ದೆ ಆಗಲ್ವಾ?" ಎಂದೆ.
"ತಲೆ ಅವಳ್ದೇ ಕಣೇ."
ನನ್ನದೇನು, ಕುಂಬಳಕಾಯಿಯಾ?

ಮಾರ್ಚ್ 7
ನೋಡಬಾರದಿತ್ತು. ಅವನು ಸ್ನಾನಕ್ಕೆ ಹೋದಾಗ ಸ್ಕ್ರೀನ್ ನೋಡಿದೆ.
ಅವಳು: "ಉಪ್ಪು ಸರಿಹೋಯ್ತಾ?"
ಇವನು: "ಎಲ್ಲಿ? ಮೂರು ದಿನದಿಂದ ಅದೇ ಗೋಳು."
ನನ್ನ ಅಡುಗೆಯ ದೂರು, ಆ ಗೂಬೆಯ ಹತ್ತಿರ. ಮಧ್ಯಾಹ್ನ ಎಲ್ಲವನ್ನೂ ಸಪ್ಪೆಯಾಗಿ ಬಡಿಸಿದೆ. ತುಟಿಪಿಟಿಕ್ ಎನ್ನದೆ ತಿಂದ. ಇನ್ನೂ ಉರಿಯಿತು.

ಮಾರ್ಚ್ 8, ಎರಡು ಗಂಟೆ
ಇವತ್ತೂ ಸಪ್ಪೆ. ಕೊನೆಗೂ ಬಾಯಿಬಿಟ್ಟ.
"ಉಪ್ಪು ಮರ್ತ್ಯಾ?"
"ನಿನ್ನ ಗೂಬೇನೇ ಕೇಳು."
ಕಣ್ಣು ಕಣ್ಣು ಬಿಟ್ಟ. ಆಮೇಲೆ ಬಿದ್ದು ಬಿದ್ದು ನಕ್ಕ. ಪಾಸ್‌ವರ್ಡನ್ನು ಗುರುತು ಸಿಗದಂತೆ ರುಬ್ಬಿಡುತ್ತಾರಂತೆ. ರುಬ್ಬುವಾಗ ಬೆರೆಸುವ ಒಂದಷ್ಟು ಅಕ್ಷರಗಳಿಗೆ ಸಾಲ್ಟ್ ಎನ್ನುತ್ತಾರೆ. ಇವರಿಬ್ಬರ ತಮಾಷೆಯಲ್ಲಿ ಅದು ಉಪ್ಪು. ಅದನ್ನು ಮೊದಲಿಟ್ಟು, ಆಮೇಲೆ ಊಹಿಸಿದ ಪಾಸ್‌ವರ್ಡ್ ಸೇರಿಸಿ ನಾಲ್ಕು ದಿನದಿಂದ ರುಬ್ಬುತ್ತಿದ್ದಾರೆ, ಫೈಲಿನಲ್ಲಿ ರುಬ್ಬಿಟ್ಟಿದ್ದಕ್ಕೆ ತಾಳೆಯಾಗುತ್ತಿಲ್ಲ.
ನಾಚಿಕೆ. ಅದಕ್ಕಿಂತ ಹೆಚ್ಚು ಸಿಟ್ಟು.
"ಯಾರಾದ್ರೂ ಮೊದ್ಲೇ ಉಪ್ಪು ಹಾಕ್ತಾರಾ? ಕೊನೆಗಲ್ವಾ ಹಾಕೋದು?"
ನಗು ನಿಂತಿತು. ತಟ್ಟೆ ಬಿಟ್ಟು ಎದ್ದ. ಬಲಗೈ ಎಂಜಲು, ಎಡಗೈಯಲ್ಲೇ ಟೈಪ್ ಮಾಡಿದ. ಪಾಸ್‌ವರ್ಡ್ ಮೊದಲು, ಉಪ್ಪು ಕೊನೆಗೆ. ಹತ್ತು ನಿಮಿಷ...
ಫ್ಲ್ಯಾಗ್ ಸಿಕ್ಕಿತು. ಫೈನಲ್ ತಲುಪಿದೆವು. ತಲುಪಿದರು ಅಲ್ಲ — ತಲುಪಿದೆವು.

ಮಾರ್ಚ್ 11
ಗೂಬೆ ಮೊದಲ ಸಲ ನನಗೇ ಬರೆದಳು. "ಅತ್ತಿಗೆ, ನಾವಿಬ್ರೂ ದಡ್ಡರು. ಫೈನಲ್‌ಗೆ ನೀವೂ ಸೇರ್ಕೊಳ್ಳಿ."
ಅತ್ತಿಗೆ ಎಂದ ಮೇಲೆ ಉರಿ ಆರಬೇಕು. ಅರ್ಧ ಆರಿದೆ. ಸ್ಟೇಷನ್ನಿನಲ್ಲಿ ಗುರುತು ಸಿಗಲೆಂದು ಫೋಟೋ ಕಳಿಸಿದ್ದಾಳೆ. ಇಷ್ಟು ಚೆನ್ನಾಗಿರಬೇಕಿತ್ತಾ? ಫೈನಲ್ ನಮ್ಮೂರಿನಲ್ಲೇ. ಅವಳು ಉಳಿಯುವುದು ನಮ್ಮ ಮನೆಯಲ್ಲೇ.
"ಕರ್ಕೊಂಡ್ಬರೋಕೆ ನಾನು ಹೋಗ್ಲಾ?" ಎಂದ.
"ನೀನು ಮನೆ ಗುಡಿಸು. ನಾನೇ ಹೋಗ್ತೀನಿ."
ಹೊಸ ಹಸಿರು ಡ್ರೆಸ್ ಇಸ್ತ್ರಿಗೆ ಕೊಡಬೇಕು. ಶುಕ್ರವಾರ, ಬೆಳಗಿನ ಎಂಟು ಹತ್ತರ ಎಕ್ಸ್‌ಪ್ರೆಸ್ —