ಬೈಲಹೊಂಗಲದಲ್ಲಿ ಕೂಡಿಸಿದ ಒಪ್ಪಿಗೆ

ಚಚಡಿ,
೧೯ ಫೆಬ್ರವರಿ ೨೦೦೧

ಪ್ರೀತಿಯ ಅಕ್ಕಾ,

ಹೇಗಿದ್ದೀ? ಹೊಟ್ಟೆಯ ಉರಿ ಕಡಿಮೆಯಾಯಿತೇ? ಖರಗಪುರದ ಹಾಸ್ಟೆಲಿನ ಸಾಸಿವೆ ಎಣ್ಣೆ ನಿನಗೆ ಒಗ್ಗುವುದಿಲ್ಲವೆಂದು ಅವ್ವ ದಿನಕ್ಕೊಮ್ಮೆಯಾದರೂ ಅನ್ನುತ್ತಾಳೆ. ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದಾಳೆ, ಒಯ್ಯುವವರು ಸಿಕ್ಕಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ, ನೀನು ನಂಬಬೇಡ. ಈ ಕಾಗದವನ್ನು ನಾನೇ ಸವದತ್ತಿಗೆ ಹೋಗಿ ಪೋಸ್ಟಿಗೆ ಹಾಕುತ್ತೇನೆ. ಅಪ್ಪನಿಗೆ ಕೊಟ್ಟರೆ ಅವರು ಬೈಲಹೊಂಗಲಕ್ಕೆ ಒಯ್ದು, ಪೋಸ್ಟಿಗೆ ಹಾಕೆಂದು ಉಳವಪ್ಪ ಕಾಕಾನ ಕೈಗೇ ಕೊಡುತ್ತಾರೆ.

ದೀಪಾವಳಿಗೆ ಬಂದಾಗ ನೀನು ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದು ನೆನಪಿದೆಯೇ? ಕಂಪ್ಯೂಟರುಗಳ ಜಾಲದ ನಡುವೆ ಪೆಟ್ಟಿಗೆಗಳಿರುತ್ತವೆ, ಅವು ಈಗ ವಿಳಾಸ ನೋಡಿ ಮುಂದಕ್ಕೆ ದಾಟಿಸುತ್ತವೆ, ಅಷ್ಟೇ. ಆ ಪೆಟ್ಟಿಗೆಗಳಿಗೇ ಪ್ರೋಗ್ರಾಮ್ ಹಾಕಿ, ನಾಲ್ಕು ಕಡೆಯ ಉತ್ತರಗಳನ್ನು ದಾರಿಯಲ್ಲೇ ಕೂಡಿಸಿ, ಒಂದೇ ಉತ್ತರ ಮುಂದೆ ಕಳಿಸುವುದು ನಿನ್ನ ಸಂಶೋಧನೆ ಎಂದಿದ್ದೆ. ದಾರಿಯ ಗದ್ದಲ ಕಡಿಮೆ, ಕೆಲಸವೂ ಬೇಗ. ನಾನು ಆಗಲೇ ಕೇಳಿದ್ದೆ: 'ನಡುವಿನ ಪೆಟ್ಟಿಗಿ ಏನ ಕೂಡಿಸ್ತು ಅಂತ ತುದಿಯಾಗ ಕುಂತಾಂವಗ ಹ್ಯಾಂಗ ಗೊತ್ತಾಗಬೇಕು?' ನೀನು ತಲೆ ಕೆರೆದುಕೊಂಡು, 'ಅದನ್ನ ನಮ್ಮ ಗೈಡೂ ಕೇಳಾಕ ಹತ್ತ್ಯಾರ' ಅಂದೆ. ಅವತ್ತು ಇಬ್ಬರೂ ನಕ್ಕೆವು. ಈಗ ನನಗೆ ನಗು ಬರುತ್ತಿಲ್ಲ.

ರಾಮದುರ್ಗದ ಸೀರೆ ಅಂಗಡಿಯವರು ಹೋದ ತಿಂಗಳು ಕಾಕಾನ ಮನೆಯಲ್ಲಿ ನನ್ನನ್ನು ನೋಡಿ ಹೋದರು. ಹುಡುಗನ ಹೆಸರು ಸಂಜು. ಕೆಟ್ಟವನಂತೆ ಕಾಣಲಿಲ್ಲ, ಒಳ್ಳೆಯವನೆನ್ನೋಣವೆಂದರೆ ಒಂದು ಮಾತೂ ಆಡಲಿಲ್ಲ. ಮನೆಯವರೆಲ್ಲ ತಮ್ಮ ತಮ್ಮ ಮಾತನ್ನು ಕಾಕಾನಿಗೆ ಹೇಳಿ ಕಳಿಸಬೇಕು, ಅವರು ಎಲ್ಲವನ್ನೂ ಕೂಡಿಸಿ ರಾಮದುರ್ಗಕ್ಕೆ ಒಂದೇ ಮಾತು ಹೇಳಬೇಕು ಎಂದಾಯಿತು. ಫೋನು ಇರುವುದೂ ಅವರಲ್ಲೇ ತಾನೆ. ನಾನು ಅಪ್ಪನ ಮುಂದೆ ಹೇಳಿದ್ದು ಇಷ್ಟು: 'ಬಿ.ಎ. ಪರೀಕ್ಷಾ ಮುಗೀಲಿ, ಹುಡುಗನ ಜೋಡಿ ಒಮ್ಮೆ ಮಾತಾಡಿ ಹೇಳತೇನಿ.' ಅಪ್ಪ ಅದನ್ನು ಹಾಗೆಯೇ ಮುಟ್ಟಿಸಿದ್ದಾರೆ, ಅವರ ಮೇಲೆ ನನಗೆ ಸಂಶಯವಿಲ್ಲ. ಕಾಕಾ ಅಂದರಂತೆ: 'ಒಲ್ಲೆ ಅಂದಿಲ್ಲಲ್ಲ? ಹಂಗಾರ ಹೂಂ.' ನಿನ್ನ ಪೆಟ್ಟಿಗೆಗೆ ನೆನಪು ಸಣ್ಣದು, ಕೂಡುವುದು ಕಳೆಯುವುದು ಬಿಟ್ಟರೆ ದೊಡ್ಡ ಲೆಕ್ಕ ಬಾರದು ಎಂದಿದ್ದೆಯಲ್ಲ, ಕಾಕಾನ ತಲೆಯಲ್ಲೂ 'ಹೂಂ', 'ಒಲ್ಲೆ' ಎರಡಕ್ಕೇ ಜಾಗ. ನನ್ನ ಪರೀಕ್ಷೆ ದಾರಿಯಲ್ಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಇನ್ನು ಹೂಲಿಯ ಆಯಿ. ನಮ್ಮವ್ವನ ಅವ್ವ ಎಂದ ಮೇಲೆ ಅವಸರ ಕೇಳಬೇಕೇ! ಬಸ್ಸಿನ ಕಂಡಕ್ಟರ್ ಲಗಮಪ್ಪನ ಬಾಯಲ್ಲಿ ತನ್ನ ಹೂಂ ಕಳಿಸಿದಳು. ಮುಟ್ಟಿತೋ ಇಲ್ಲವೋ ಎಂದು, ಸಂತೆಗೆ ಹೊರಟಿದ್ದ ರಾಚವ್ವನ ಬಾಯಲ್ಲಿ ಅದನ್ನೇ ಮತ್ತೆ ಕಳಿಸಿದಳು. ಎರಡೂ ಮುಟ್ಟಿವೆ. 'ಹೂಲಿಯಿಂದನ ಎರಡ ಹೂಂ ಬಂದಾವ' ಎಂದು ಕಾಕಾ ಮೀಸೆ ತಿರುವಿದ್ದಾರೆ. ಕಳೆದುಹೋಯಿತೆಂದು ಎರಡನೇ ಸಲ ಕಳಿಸಿದ ಉತ್ತರವನ್ನು ಪೆಟ್ಟಿಗೆ ಮತ್ತೊಮ್ಮೆ ಕೂಡಿಸಿಬಿಡುತ್ತದೆ ಎಂದು ನೀನು ಪೇಚಾಡುತ್ತಿದ್ದೆ. ನಿನ್ನ ಗೈಡಿಗೆ ಹೇಳು, ಬೈಲಹೊಂಗಲಕ್ಕೆ ಬಂದರೆ ಕಣ್ಣಾರೆ ನೋಡಬಹುದು.

ಕಾಕಾ ಬೇಕೆಂದೇ ಮಾಡಿದರೋ, ಬೇಗ ಮುಗಿಯಲಿ ಎಂದು ಮಾಡಿದರೋ ತಿಳಿಯದು. ರಾಮದುರ್ಗದವರ ಜೊತೆ ಪಾಲಿನಲ್ಲಿ ಅಂಗಡಿ ಹಾಕುವ ಮಾತು ನಡೆದಿದೆಯಂತೆ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಈಗ ಯಾರು ಏನು ಹೇಳಿದರೂ, ಇದು ಯಾರ ಬಾಯಿ ಹಾದು ಬಂತು ಎಂದು ನೋಡುವ ಚಟ ಹತ್ತಿದೆ. ಹೋಳಿ ಹುಣ್ಣಿಮೆ ಕಳೆದ ಸೋಮವಾರ ನಿಶ್ಚಯವಂತೆ. ನನಗೆ ಹೆದರಿಕೆಯಾಗಿದೆ, ಅಕ್ಕಾ. ಸಿಟ್ಟೂ ಬಂದಿದೆ.

ಊಟ ಬಿಡಬೇಡ, ಮಜ್ಜಿಗೆ ಸಿಕ್ಕರೆ ಕುಡಿ. ಅವ್ವ ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಇದಕ್ಕೆ ಒಂದಕ್ಷರವೂ ನಾನು ಕೂಡಿಸಿಲ್ಲ, ಕಳೆದಿಲ್ಲ.

ನಿನ್ನ ತಂಗಿ,
ಶೀತಲ

ತಾ.ಕ.: ಬಸ್ಸು ಬರುವ ಹೊತ್ತಾಯಿತು. ಕೇಳಬೇಕಾದ್ದನ್ನೇ ಕೇಳಿಲ್ಲ. 'ವಿಜಯಾನೂ ಫೋನಿನ್ಯಾಗ ಹೂಂ ಅಂದಾಳ' ಎಂದು ಕಾಕಾ ಹೇಳಿದ್ದಾರೆ. ಅಲ್ಲಿಯವರೆಗೆ ಅವ್ವ ನನ್ನ ಕಡೆ ಇದ್ದಳು. ನಿನ್ನ ಹೆಸರು ಕೇಳಿ ಒಪ್ಪಿಬಿಟ್ಟಳು. ದೀಪಾವಳಿಯಲ್ಲಿ ಕಾಕಾ ನಿನ್ನ ಮದುವೆಯ ಮಾತು ತೆಗೆದಾಗ ನೀನು ನಗುತ್ತ, 'ಮೊದಲ ಶೀತಲಂದ ಮಾಡ್ರಿ, ನನಗ ಇನ್ನೂ ಓದೂದು ಐತಿ' ಅಂದಿದ್ದೆ. ಆ ಹಳೆಯ ಮಾತನ್ನೇ ಕಾಕಾ ಇಟ್ಟುಕೊಂಡಿದ್ದು ಈಗ ಹೊಸದೆಂದು ಕೊಟ್ಟರೋ, ಇಲ್ಲಾ ನೀನು ಮೊನ್ನೆ ನಿಜವಾಗಿಯೂ ಅಂದೆಯೋ? ಅಂದದ್ದನ್ನು ಅಂದ ಹಾಗೆಯೇ ಬರೆ. ಕಾಕಾನಿಗೆ ಫೋನು ಮಾಡಬೇಡ, ಸವದತ್ತಿಯಲ್ಲಿ ನನ್ನ ಗೆಳತಿ ಮಂಜುಳಾಳ ಮನೆಗೆ ಕಾಗದ ಹಾಕು. ನೀನೇ ಅಂದಿದ್ದರೆ ಅದನ್ನೂ ಮುಚ್ಚಿಡಬೇಡ, ಅಕ್ಕಾ. ಹಾಗಿದ್ದರೆ ನಾನು ಕಾಕಾನನ್ನು ಸುಮ್ಮನೆ ಬೈದ ಹಾಗಾಯಿತು.