ಓಹಾಯೋ ಹುಡುಗಿಯರ ಕನ್ನಡ

ಸ್ಲೈಗೋ, ೨೩ ಜನವರಿ ೨೦೨೧, ಶನಿವಾರ

ಆದರ್ಶನ ಜ್ವರ ಇಂದೂ ಇಳಿದಿಲ್ಲ. ಆಸ್ಪತ್ರೆಯಲ್ಲಿ ಕೋವಿಡ್ ಅಂಟಿಸಿಕೊಂಡ ನನ್ನ ಡಾಕ್ಟರ್ ಗಂಡ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಬಾಗಿಲಾಚೆಯಿಂದ ಕೇಳಿದರೆ, "ಗ್ರ್ಯಾಂಡ್ ಆಗಿದೀನಿ ಕಣೇ, ನೀನ್ ಮಲ್ಕೋ" ಎಂದು, ಚೆನ್ನಾಗಿದ್ದೇನೆ ಅನ್ನುವುದಕ್ಕೂ ಇಲ್ಲಿಯ ಐರಿಶರ ಮಾತನ್ನೇ ಹೇಳಿ ಕೆಮ್ಮುತ್ತಾನೆ.

ನಿದ್ದೆ ಬಾರದೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ವಸುಂಧರಕ್ಕನ ತಂಡದ ಮ್ಯಾಚನ್ನು ಫೋನಿನಲ್ಲಿ ಲೈವ್ ನೋಡಿದೆ. ಮೈಸೂರಿನ ಕಾಲೇಜಿನಲ್ಲಿ ನನ್ನ ಜೊತೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಅಕ್ಕ, ಈಗ ಓಹಾಯೋದ ಯಾರೂ ಕೇಳಿರದ ಪುಟ್ಟ ಕಾಲೇಜೊಂದರಲ್ಲಿ ಅಸಿಸ್ಟೆಂಟ್ ಕೋಚ್. ಪ್ರೇಕ್ಷಕರಿಲ್ಲದ ಅಂಗಳ, ಶೂ ನೆಲಕ್ಕೆ ಉಜ್ಜಿದ್ದೂ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಆ ಅಮೆರಿಕನ್ ಹುಡುಗಿಯರು ಕನ್ನಡದಲ್ಲಿ ಕೂಗಿಕೊಂಡರು: "ಬಲಗಡೆ, ಬಲಗಡೆ. ಬಿಡ್ಬೇಡ ಕಣೇ."

ಮೈ ಜುಮ್ಮೆಂದಿತು. ಮುಗಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ.

"ಜನಾನೇ ಇಲ್ವಲ್ಲೇ, ನಾವ್ ಕೂಗೋದೆಲ್ಲ ಎದುರು ಟೀಮ್‌ಗೆ ಕೇಳ್ಸತ್ತೆ. ಅದಕ್ಕೇ ಕಲಿಸ್ದೆ. ಬೈಗುಳ ಮಾತ್ರ ಅವೇ ಕಲ್ತ್ಕೊಂಡ್ವು" ಎಂದಳು.

ಇಪ್ಪತ್ತು ಪಾಯಿಂಟ್ ಹಿಂದಿದ್ದರೂ ಕೊನೆಯ ಗಳಿಗೆಯವರೆಗೆ ಅವರ ಕೂಗು ನಿಲ್ಲಲಿಲ್ಲ. ಯಾವ ಊರಿನ ಮಕ್ಕಳು, ಯಾವ ಊರಿನ ಮಾತು.

ಮೇಲೆ ಹೋಗಿ ಬಾಗಿಲಿಗೆ ಒರಗಿ ಆದರ್ಶನಿಗೆ ಎಲ್ಲವನ್ನೂ ಹೇಳಿದೆ. ಬಹಳ ದಿನಗಳ ನಂತರ ನಕ್ಕ. ನಕ್ಕು ಕೆಮ್ಮಿ, ಸುಧಾರಿಸಿಕೊಳ್ಳುತ್ತಾ, "ಇನ್ನೊಂದ್ಸಲ ಹೇಳೇ, ಹೆಂಗ್ ಕೂಗಿದ್ರು?" ಎಂದ.

ಅವರ ಧಾಟಿಯಲ್ಲೇ ಹೇಳೋಣವೆಂದು ಬಾಯಿ ತೆರೆದೆ. "ಬಿಡ್ಬೇಡ" ಎಂದವಳು, "ಕಣೇ" ಬದಲು "ಕಣೋ" ಎಂದುಬಿಟ್ಟೆ.